ನಿಂತ ಕಾರು, 45 ಮೈಲಿ ವೇಗ: ಎಂಜಿಬಿಯ ಸ್ಪೀಡೋ ಸೆಂಡರ್ ರಿಪೇರಿ

ಕಾರು 1972ರ ಎಂಜಿಬಿ ಜಿಟಿ, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ನಿಂತಿದೆ, ಗೇರು ನ್ಯೂಟ್ರಲ್‌ನಲ್ಲಿದೆ. ಇಂಜಿನ್ ಸ್ಟಾರ್ಟ್ ಮಾಡಿದರೆ ಸ್ಪೀಡೋ ಮುಳ್ಳು ಗಂಟೆಗೆ 12 ಮೈಲಿಗೆ ಎದ್ದು ನಿಲ್ಲುತ್ತದೆ. ಆಕ್ಸಿಲರೇಟರ್ ಒತ್ತಿ 2000 ಆರ್‌ಪಿಎಂಗೆ ತಂದರೆ 30. 3000ಕ್ಕೆ ತಂದರೆ 45. ಕಾಲು ತೆಗೆದರೆ ಇಳಿಯುತ್ತದೆ. ಯಾವಾಗಲೂ ಹೀಗೇ ಆಗಿದ್ದರೆ ಹುಡುಕುವುದು ಸುಲಭ ಇತ್ತು. ಒಂದು ಟ್ರಾಫಿಕ್ ಸಿಗ್ನಲ್‌ನಲ್ಲಿ ಮುಳ್ಳು ಸೊನ್ನೆಯಲ್ಲಿ ಸುಮ್ನೆ ಕೂತಿರುತ್ತದೆ, ಮುಂದಿನ ಸಿಗ್ನಲ್‌ನಲ್ಲಿ ಇಂಜಿನ್ ಜೊತೆ ಕುಣಿಯುತ್ತದೆ. ಓಡುವಾಗ ಜಾಸ್ತಿ ತೋರಿಸುತ್ತದೆ, ಆದರೆ ಎಷ್ಟು ಜಾಸ್ತಿ ಅನ್ನುವುದು ಒಂದು ಲೆಕ್ಕಕ್ಕೆ ಸಿಗುವುದಿಲ್ಲ.

ಈ ಕಾರಿಗೆ ಎಲೆಕ್ಟ್ರಾನಿಕ್ ಸ್ಪೀಡೋ ಹಾಕಿಸಿದ್ದು ಹಿಂದಿನ ಮಾಲೀಕರು. ಹಳೆಯ ಮುಖದಂತೆಯೇ ಕಾಣುವ ಡಯಲ್, ಗೇರ್‌ಬಾಕ್ಸಿನಲ್ಲಿ ಮೊದಲು ಕೇಬಲ್ ಇದ್ದ ಜಾಗಕ್ಕೆ ತಿರುಗಿಸಿ ಕೂರಿಸಿದ, ವೇಗದ ಸಿಗ್ನಲನ್ನು ಡಯಲ್‌ಗೆ ಕಳಿಸುವ ಒಂದು ಸೆಂಡರ್, ಅದರಿಂದ ಮೂರು ವೈರು. ‘ಸೆಂಡರ್ ಹೋಗಿದೆ, ಹೊಸದು ಹಾಕಿಕೊಳ್ಳಿ’ ಅಂತ ನಾನು ಕೇಳಿದವರೆಲ್ಲ ಅಂದರು. ನನಗೆ ನಂಬಿಕೆ ಬರಲಿಲ್ಲ. ಸೆಂಡರ್ ನಡುವೆ ಕೂತಿರುವ ವಸ್ತು. ಅದರ ಕೆಳಗೆ ಗೇರ್‌ಬಾಕ್ಸಿನ ಹಲ್ಲು, ಮೇಲೆ ವೈರು. ಎರಡೂ ಕಡೆ ನೋಡದೆ ನಡುವಿನದನ್ನು ಬದಲಾಯಿಸುವುದು ದುಡ್ಡು ದಂಡ.

ಮೊದಲು ಹಳೆಯ ವ್ಯವಸ್ಥೆ ಏನಿತ್ತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸದರ ಲೆಕ್ಕವೂ ಅದರ ಮೇಲೇ ನಿಂತಿದೆ. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ಡ್ಯಾಶ್‌ಬೋರ್ಡಿನಲ್ಲಿ ಸ್ಮಿತ್ಸ್ ಕಂಪನಿಯ ಮೀಟರು. ಗೇರ್‌ಬಾಕ್ಸಿನ ಹಿಂಭಾಗದಿಂದ ಒಂದು ಕೇಬಲ್ ತಿರುಗುತ್ತಾ ಬರುತ್ತದೆ. ಅದು ಮೀಟರಿನ ಒಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವನ್ನು ಮುಟ್ಟದೆ ಸುತ್ತುವರಿದು ಒಂದು ಅಲ್ಯೂಮಿನಿಯಂ ಬಟ್ಟಲು ಇರುತ್ತದೆ, ಮುಳ್ಳು ಇರುವುದು ಅದರ ಮೇಲೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ಕರೆಂಟು ಹುಟ್ಟಿ ಅದೂ ಜೊತೆಗೆ ತಿರುಗಲು ನೋಡುತ್ತದೆ, ಸಣ್ಣ ಸ್ಪ್ರಿಂಗ್ ತಡೆದು ಹಿಡಿಯುತ್ತದೆ. ಎಷ್ಟು ಜೋರಾಗಿ ತಿರುಗುತ್ತದೋ ಮುಳ್ಳು ಅಷ್ಟು ಮೇಲೆ. ವೈರು ಇಲ್ಲ, ಬ್ಯಾಟರಿ ಇಲ್ಲ.

ಸ್ಮಿತ್ಸ್ ಡಯಲ್‌ನ ಕೆಳಗಡೆ ಸಣ್ಣ ಅಕ್ಷರದಲ್ಲಿ ಒಂದು ನಂಬರ್ ಇರುತ್ತದೆ. ಅದರ ಕೊನೆಯ ಅಂಕಿ, ಒಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಹಿಂದಿನವರು ಹಳೆಯ ಮೀಟರನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟಿದ್ದರು, ಪುಣ್ಯ. ಅದರಲ್ಲಿ 1280 ಅಂತ ಇತ್ತು. ಈ ಅಂಕಿಗೆ ಒಂದು ಅನುಕೂಲ ಇದೆ. ಗಂಟೆಗೆ 60 ಮೈಲಿ ಅಂದರೆ ನಿಮಿಷಕ್ಕೆ ಒಂದು ಮೈಲಿ. ಹಾಗಾಗಿ 60ರಲ್ಲಿ ಹೋಗುವಾಗ ಕೇಬಲ್ ನಿಮಿಷಕ್ಕೆ ಸರಿಯಾಗಿ 1280 ಸುತ್ತು ತಿರುಗುತ್ತಿರುತ್ತದೆ. ಕೇಬಲ್ ತಿರುಗುವುದು ಓವರ್‌ಡ್ರೈವ್ (ಅದೇ ವೇಗಕ್ಕೆ ಇಂಜಿನ್ ನಿಧಾನವಾಗಿ ತಿರುಗುವಂತೆ ಮಾಡುವ ಹೆಚ್ಚುವರಿ ಗೇರು) ದಾಟಿದ ಮೇಲಿನ ಶಾಫ್ಟ್‌ನಿಂದ ಆದ್ದರಿಂದ ಓವರ್‌ಡ್ರೈವ್ ಹಾಕಿದರೂ ತೆಗೆದರೂ ಈ ಲೆಕ್ಕ ಬದಲಾಗುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಚೆನ್ನಾಗಿರುವ ಕೇಬಲ್ ಮೀಟರನ್ನು ಯಾರೂ ಎಲೆಕ್ಟ್ರಾನಿಕ್ ಮಾಡಬೇಕಾಗಿಲ್ಲ. ಮುಳ್ಳು ತೂಗಾಡುತ್ತಿದೆ ಅಂತ ಬದಲಾಯಿಸುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ಒಣಗಿದ ಕೇಬಲ್, ಇಲ್ಲವೇ ಎಲ್ಲೋ ಜಾಸ್ತಿ ಬಗ್ಗಿಸಿ ಕಟ್ಟಿದ ಕೇಬಲ್. ಗೇರ್‌ಬಾಕ್ಸೇ ಬೇರೆ ಹಾಕಿ ಐದು ಗೇರಿನದು ಕೂರಿಸಿದವರಿಗೆ ಎಲೆಕ್ಟ್ರಾನಿಕ್ ನಿಜಕ್ಕೂ ಬೇಕಾಗುತ್ತದೆ. ಈ ಕಾರಿನಲ್ಲಿ ಬೇಕಿರಲಿಲ್ಲ. ಆದರೆ ಹಾಕಿ ಆಗಿದೆ, ಇನ್ನು ಅದನ್ನೇ ಸರಿ ಮಾಡೋಣ ಅಂತ ಇಳಿದೆ.

ಕಾರನ್ನು ಆಕ್ಸಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೆಳಗೆ ತೂರಿ, ಸೆಂಡರನ್ನು ಬಿಚ್ಚಿದೆ. ಒಳಗಡೆ ಇರುವುದು ಹಾಲ್ (Hall) ಸೆನ್ಸರ್, ಅಂದರೆ ಅಯಸ್ಕಾಂತದ ಧ್ರುವ ಎದುರು ಬಂದದ್ದನ್ನು ಗುರುತಿಸುವ ಸೆನ್ಸರ್. ಚೌಕ ತುದಿಯ ಒಂದು ಪುಟ್ಟ ಶಾಫ್ಟ್, ಅದರ ಮೇಲೆ ಉತ್ತರ ದಕ್ಷಿಣ ಧ್ರುವಗಳು ಒಂದರ ಪಕ್ಕ ಒಂದು ಇರುವ ಅಯಸ್ಕಾಂತದ ಬಳೆ, ಪಕ್ಕದಲ್ಲಿ ಒಂದು ಚಿಪ್. ಒಂದು ವೈರು 12 ವೋಲ್ಟ್, ಒಂದು ಅರ್ಥಿಂಗ್, ಒಂದು ಸಿಗ್ನಲ್. ಸಿಗ್ನಲ್ ವೈರಿನ ಗುಣ ಗೊತ್ತಿಲ್ಲದೆ ಈ ರಿಪೇರಿಗೆ ಕೈ ಹಾಕಬೇಡಿ. ಚಿಪ್ ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಅದರೊಳಗಿನ ಟ್ರಾನ್ಸಿಸ್ಟರ್ ಆನ್ ಆದಾಗ ಸಿಗ್ನಲ್ ವೈರನ್ನು ಅರ್ಥಿಂಗ್‌ಗೆ ಎಳೆದು ಹಿಡಿಯುತ್ತದೆ. ಆಫ್ ಆದಾಗ ಕೈ ಬಿಟ್ಟುಬಿಡುತ್ತದೆ. ಆಗ ವೈರನ್ನು ಮೇಲಕ್ಕೆ ಎತ್ತುವ ಕೆಲಸ ಮೀಟರಿನ ಕಡೆ ಇರುವ ಒಂದು ರೆಸಿಸ್ಟರಿನದು. ಇದಕ್ಕೆ ಪುಲ್-ಅಪ್ ರೆಸಿಸ್ಟರ್ ಅನ್ನುತ್ತಾರೆ.

ಹಾಗಾಗಿ ಬರೀ 12 ವೋಲ್ಟ್ ಕೊಟ್ಟು ಸಿಗ್ನಲ್ ವೈರಿಗೆ ಮಲ್ಟಿಮೀಟರ್ ಹಿಡಿದರೆ ಏನೂ ಬರುವುದಿಲ್ಲ. ಎಷ್ಟೋ ಒಳ್ಳೆಯ ಸೆಂಡರುಗಳು ಹೀಗೇ ಕಸದ ಬುಟ್ಟಿ ಸೇರುತ್ತವೆ. ಸಿಗ್ನಲ್‌ಗೂ 12 ವೋಲ್ಟಿಗೂ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಮೇಲೆ ಶಾಫ್ಟನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ನಾನು ಹಾಗೆ ಮಾಡಿದಾಗ ಮಲ್ಟಿಮೀಟರಿನಲ್ಲಿ 12, ಸೊನ್ನೆ, 12, ಸೊನ್ನೆ ಅಂತ ಚೆನ್ನಾಗಿ ಬಂತು. ಶಾಫ್ಟಿನ ಮೇಲೆ ಮಾರ್ಕರ್‌ನಿಂದ ಗೆರೆ ಹಾಕಿ ಎಣಿಸಿದರೆ ಒಂದು ಸುತ್ತಿಗೆ 8 ಪಲ್ಸ್, ಅಂದರೆ ಎಂಟು ಸಲ ಈ ಏರಿಳಿತ. ಬ್ಯಾಟರಿ ಡ್ರಿಲ್‌ಗೆ ಕಚ್ಚಿಸಿ ನಿಧಾನದ ಗೇರಿನಲ್ಲಿ, ಸುಮಾರು 400 ಆರ್‌ಪಿಎಂನಲ್ಲಿ ತಿರುಗಿಸಿದಾಗ ಮಲ್ಟಿಮೀಟರ್ 53 ಹರ್ಟ್ಸ್ ಹತ್ತಿರ ತೋರಿಸಿತು. 400ನ್ನು 8ರಿಂದ ಗುಣಿಸಿ 60ರಿಂದ ಭಾಗಿಸಿದರೆ ಅಷ್ಟೇ ಬರಬೇಕು. ಸೆಂಡರ್ ಗಟ್ಟಿಮುಟ್ಟಾಗಿದೆ.

ಇನ್ನೊಂದು ಬಗೆಯ ಸೆಂಡರ್ ಇದೆ, ಎರಡೇ ವೈರಿನದು. ಅದರೊಳಗೆ ಸುರುಳಿ ಇರುತ್ತದೆ, ತಾನೇ ಏಸಿ ವೋಲ್ಟೇಜ್ ಹುಟ್ಟಿಸುತ್ತದೆ. ನಿಧಾನ ಹೋದಷ್ಟೂ ವೋಲ್ಟೇಜ್ ಕಡಿಮೆ, ಕೊನೆಗೆ ಮೀಟರಿಗೆ ಕೇಳಿಸುವುದೇ ಇಲ್ಲ. ಇದು ಈಗ ದೊಡ್ಡ ವಿಷಯ. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಊರೊಳಗಿನ ಬಹುತೇಕ ರಸ್ತೆಗಳ ಮಿತಿ 20 ಮೈಲಿ. ಮುಳ್ಳು 15 ದಾಟಿದ ಮೇಲೆ ಎಚ್ಚರ ಆಗುವಂತಿದ್ದರೆ ಅಂಥ ಕಡೆ ಅದನ್ನು ನಂಬುವುದು ಹೇಗೆ? ಹಾಲ್ ಸೆನ್ಸರಿಗೆ ಆ ತೊಂದರೆ ಇಲ್ಲ, ಇಂಚಿಂಚು ತಿರುಗಿಸಿದರೂ ಪೂರ್ತಿ ಸಿಗ್ನಲ್ ಕೊಡುತ್ತದೆ.

ಇನ್ನು ಆ 30, 45ರ ವಿಷಯ. ಕಾರು ನಿಂತಿರುವಾಗ ಮುಳ್ಳು ಏಳುತ್ತದೆ ಅಂದರೆ ಮೀಟರಿಗೆ ಸೆಂಡರ್ ಅಲ್ಲದೆ ಬೇರೆ ಎಲ್ಲಿಂದಲೋ ಪಲ್ಸ್ ಬರುತ್ತಿದೆ. ಇಂಜಿನ್ ಜೊತೆ ಏರಿಳಿಯುತ್ತದೆ ಅಂದರೆ ಅನುಮಾನ ಸ್ಪಾರ್ಕ್ ಪ್ಲಗ್ ಕಡೆಗೆ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಪ್ರತಿ ಸುತ್ತಿಗೆ ಎರಡು ಕಿಡಿ ಹೊಡೆಯುತ್ತದೆ. 3000 ಆರ್‌ಪಿಎಂನಲ್ಲಿ ನಿಮಿಷಕ್ಕೆ 6000 ಕಿಡಿ. ಆಗ ಮುಳ್ಳು ತೋರಿಸುತ್ತಿದ್ದದ್ದು 45, ಅಂದರೆ ನಿಮಿಷಕ್ಕೆ ಮುಕ್ಕಾಲು ಮೈಲಿ. 6000ವನ್ನು 0.75ರಿಂದ ಭಾಗಿಸಿದರೆ 8000. 2000 ಆರ್‌ಪಿಎಂ ಲೆಕ್ಕ ಹಾಕಿ: 4000 ಕಿಡಿ, ಅರ್ಧ ಮೈಲಿ, ಮತ್ತೆ 8000. ಐಡಲ್‌ನಲ್ಲಿ 800 ಆರ್‌ಪಿಎಂ, 1600 ಕಿಡಿ, 12 ಮೈಲಿ. ಅದೂ 8000.

ನನಗೆ ನಿಜಕ್ಕೂ ಖುಷಿ ಆಗಿದ್ದು ಇಲ್ಲಿ. ಮೀಟರ್ ಒಂದೊಂದು ಕಿಡಿಯನ್ನೂ ಬಿಡದೆ ಎಣಿಸುತ್ತಿದೆ ಅನ್ನುವುದು ಖಾತ್ರಿ ಆಯಿತು. ಜೊತೆಗೆ, ಮೀಟರಿನ ಒಳಗೆ ಒಂದು ಮೈಲಿಗೆ 8000 ಪಲ್ಸ್ ಅಂತ ಸೆಟ್ಟಿಂಗ್ ಇದೆ ಅನ್ನುವುದೂ ಬಯಲಾಯಿತು, ಮೆನು ತೆರೆಯದೇನೇ. 8000 ಅನ್ನುವುದು ಇಂಥ ಎಷ್ಟೋ ಮೀಟರುಗಳು ಫ್ಯಾಕ್ಟರಿಯಿಂದ ಹೊತ್ತು ತರುವ ಅಂಕಿ. ಅಮೆರಿಕದ ಕಾರುಗಳಲ್ಲಿ ಕೇಬಲ್ ಸಾಮಾನ್ಯವಾಗಿ ಮೈಲಿಗೆ 1000 ಸುತ್ತು, ಸುತ್ತಿಗೆ 8 ಪಲ್ಸ್. ನನ್ನ ಕಾರಿನ ಕೇಬಲ್ 1280 ಸುತ್ತಿನದು, ಅಂದರೆ 10,240 ಪಲ್ಸ್ ಆಗಬೇಕು. ಹಾಕಿದವರು ಆ ಅಂಕಿಯನ್ನು ಮುಟ್ಟಿಯೇ ಇರಲಿಲ್ಲ. ಓಡುವಾಗ ಜಾಸ್ತಿ ತೋರಿಸುತ್ತಿದ್ದದ್ದರಲ್ಲಿ ಒಂದು ಪಾಲು ಇದು, ಇನ್ನೊಂದು ಪಾಲು ಕಿಡಿಯದು. ಎರಡೂ ಬೆರೆತಿದ್ದರಿಂದಲೇ ಲೆಕ್ಕಕ್ಕೆ ಸಿಗದೆ ಇದ್ದದ್ದು.

ಆದರೆ ಒಂದು ಟ್ರಾಫಿಕ್ ಸಿಗ್ನಲ್‌ನಲ್ಲಿ ಕುಣಿದು ಇನ್ನೊಂದರಲ್ಲಿ ಸುಮ್ಮನಿರುವುದು ಯಾಕೆ? ಟ್ರಾನ್ಸಿಸ್ಟರ್ ಆನ್ ಇರುವ ಜಾಗದಲ್ಲಿ ಕಾರು ನಿಂತರೆ ಸಿಗ್ನಲ್ ವೈರನ್ನು ಅದು ಅರ್ಥಿಂಗ್‌ಗೆ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಪಕ್ಕದಲ್ಲಿ ಎಷ್ಟು ಗಲಾಟೆ ಆದರೂ ವೈರು ಅಲ್ಲಾಡುವುದಿಲ್ಲ. ಆಫ್ ಇರುವ ಜಾಗದಲ್ಲಿ ನಿಂತರೆ ವೈರನ್ನು ಹಿಡಿದಿರುವುದು ಮೀಟರಿನೊಳಗಿನ ದುರ್ಬಲ ರೆಸಿಸ್ಟರ್ ಮಾತ್ರ. ಅಳೆದು ನೋಡಿದೆ, ಹತ್ತಾರು ಕಿಲೋ ಓಮ್. ಅಷ್ಟು ಸಡಿಲವಾಗಿ ನಿಂತ ವೈರು ಪಕ್ಕದ ಕಿಡಿಯನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಒಂದು ಪಲ್ಸ್ ಅಂದರೆ ರಸ್ತೆಯ ಮೇಲೆ ಸುಮಾರು 15 ಸೆಂಟಿಮೀಟರ್. ಅದರಲ್ಲಿ ಅರ್ಧ ಆನ್, ಅರ್ಧ ಆಫ್. ಅಂಗಳದಲ್ಲಿ ಇಂಜಿನ್ ಓಡುತ್ತಿರುವಾಗ ಕಾರನ್ನು ನಾಲ್ಕು ಬೆರಳಷ್ಟು ಮುಂದೆ ತಳ್ಳಿದೆ, ಕುಣಿತ ನಿಂತಿತು. ಇನ್ನು ನಾಲ್ಕು ಬೆರಳು ತಳ್ಳಿದೆ, ಮತ್ತೆ ಶುರು. ಒಂದು ಟ್ರಾಫಿಕ್ ಸಿಗ್ನಲ್‌ನಿಂದ ಇನ್ನೊಂದಕ್ಕೆ ಬದಲಾಗುತ್ತಿದ್ದದ್ದು ಇಷ್ಟೇ.

ಇನ್ನು ವೈರಿಂಗ್. ಡ್ಯಾಶ್ ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಎಲ್ಲ ಅರ್ಥ ಆಯಿತು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ವೈರಿನ ಬಣ್ಣಕ್ಕೆ ಒಂದು ಕಟ್ಟುಪಾಡು ಇದೆ. ಕಪ್ಪು ಅರ್ಥಿಂಗ್. ಕಂದು ಯಾವಾಗಲೂ ಕರೆಂಟ್ ಇರುವುದು. ಬಿಳಿ, ಕೀ ತಿರುಗಿಸಿದ ಮೇಲೆ ಫ್ಯೂಸ್ ಇಲ್ಲದೆ ಬರುವುದು. ಹಸಿರು, ಅದೇ ಕರೆಂಟು ಫ್ಯೂಸ್ ದಾಟಿ ಬರುವುದು. ಬಿಳಿಯ ಮೇಲೆ ಕಪ್ಪು ಗೆರೆ ಇರುವುದು, ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವೈರು. ಇಡೀ ಕಾರಿನಲ್ಲಿ ಅತಿ ಹೆಚ್ಚು ಗಲಾಟೆ ಮಾಡುವ ವೈರು ಅದು, ಪ್ಲಗ್ಗಿನ ವೈರುಗಳನ್ನು ಬಿಟ್ಟರೆ. ಸೆಂಡರಿನ ಸಿಗ್ನಲ್ ವೈರನ್ನು ಅದರ ಜೊತೆಯಲ್ಲೇ ಟೇಪ್ ಸುತ್ತಿ ಕಟ್ಟಿದ್ದರು, ಒಂದು ಮೊಳಕ್ಕಿಂತ ಜಾಸ್ತಿ ಉದ್ದಕ್ಕೆ. ನೋಡೋಕೆ ಬಹಳ ಅಚ್ಚುಕಟ್ಟು, ಅದು ಒಪ್ಪಬೇಕು.

12 ವೋಲ್ಟನ್ನು ಹಸಿರು ವೈರಿನಿಂದಲೇ ತೆಗೆದುಕೊಂಡಿದ್ದರು, ಸರಿ. ಆದರೆ ವೈರಿನ ಮೇಲೆ ಒತ್ತಿ ಕೂರಿಸುವ ನೀಲಿ ಕ್ಲಿಪ್ ಹಾಕಿದ್ದರು. ಅದರ ಒಳಗೆ ಹಸಿರು ಪಾಚಿಯಂತೆ ತುಕ್ಕು. ಬಿಸಾಡಿ ಬೆಸುಗೆ ಹಾಕಿದೆ. ಸೆಂಡರಿಗೂ ಮೀಟರಿಗೂ ಸೇರಿ 1 ಆಂಪಿಯರಿನ ಬೇರೆ ಫ್ಯೂಸ್ ಸೇರಿಸಿದೆ. ಈ ಕಾರುಗಳ ಲ್ಯೂಕಸ್ ಗಾಜಿನ ಫ್ಯೂಸ್ ಮೇಲೆ 35 ಅಂತ ಬರೆದಿರುತ್ತದೆ. ಅದು ಸುಟ್ಟುಹೋಗುವ ಆಂಪಿಯರ್, ಸದಾ ಹೊರುವುದು 17. ಯಾವುದೇ ಇರಲಿ, ಕೂದಲಿನಂಥ ಸೆಂಡರ್ ವೈರನ್ನು ಅದು ಕಾಪಾಡುವುದಿಲ್ಲ.

ಅರ್ಥಿಂಗ್ ಇನ್ನೂ ಕೆಟ್ಟದಾಗಿತ್ತು. ಸೆಂಡರಿನ ಕಪ್ಪು ವೈರನ್ನು ಗೇರ್‌ಬಾಕ್ಸಿನ ಒಂದು ಬೋಲ್ಟಿಗೆ ಬಿಗಿದಿದ್ದರು, ಮೀಟರಿನದ್ದನ್ನು ಡ್ಯಾಶ್‌ಗೆ. ಇಂಜಿನ್, ಗೇರ್‌ಬಾಕ್ಸ್ ಎರಡೂ ರಬ್ಬರಿನ ಮೇಲೆ ಕೂತಿರುತ್ತವೆ. ಬಾಡಿಗೂ ಅವಕ್ಕೂ ಸಂಬಂಧ ಒಂದು ಹೆಣೆದ ತಾಮ್ರದ ಪಟ್ಟಿ. ಸ್ಟಾರ್ಟರಿನ ಕರೆಂಟು, ಆಲ್ಟರ್ನೇಟರಿನ ಕರೆಂಟು ಎಲ್ಲ ಹಾದು ಹೋಗುವುದು ಅದರಲ್ಲೇ. ಇಂಜಿನ್ ಓಡಿಸಿ, ಹೆಡ್‌ಲೈಟ್ ಹಾಕಿ, ಗೇರ್‌ಬಾಕ್ಸಿನಿಂದ ಬಾಡಿಗೆ ಅಳೆದರೆ 0.6 ವೋಲ್ಟ್ ಬಂತು. ಅಲ್ಲಿ 0.05 ದಾಟಬಾರದು. ಪಟ್ಟಿಯ ಎರಡೂ ತುದಿ ಬಿಚ್ಚಿ ಉಜ್ಜಿ, ಬಣ್ಣ ಕೆರೆದು, ಗ್ರೀಸ್ ಹಚ್ಚಿ ಬಿಗಿದೆ. ಅಷ್ಟಕ್ಕೇ ಕಾರು ಮೊದಲಿಗಿಂತ ಚುರುಕಾಗಿ ಸ್ಟಾರ್ಟ್ ಆಗತೊಡಗಿತು. ಸೆಂಡರಿನ ಅರ್ಥಿಂಗನ್ನು ಮಾತ್ರ ಗೇರ್‌ಬಾಕ್ಸಿಗೆ ಬಿಡಲಿಲ್ಲ. ಬೇರೆ ವೈರಿನಲ್ಲಿ ಮೇಲೆ ತಂದು ಮೀಟರಿನ ಅರ್ಥಿಂಗ್ ಬೋಲ್ಟಿಗೇ ಸೇರಿಸಿದೆ. ಇಬ್ಬರೂ ಒಂದೇ ಜಾಗವನ್ನು ಸೊನ್ನೆ ಅಂತ ಒಪ್ಪಿಕೊಂಡರೆ ಜಗಳ ಇಲ್ಲ.

ಸಿಗ್ನಲ್‌ಗೆ ಲೋಹದ ಜಾಲರಿ ಹೊದಿಸಿದ ಕೇಬಲ್ ಎಳೆದೆ, ಗೇರ್‌ಬಾಕ್ಸ್ ಸುರಂಗದ ಗೋಡೆಗೆ ಅಂಟಿಕೊಂಡು, ಕಾಯಿಲ್‌ನಿಂದ ದೂರ. ಜಾಲರಿಯನ್ನು ಮೀಟರಿನ ಕಡೆ ಮಾತ್ರ ಅರ್ಥಿಂಗ್‌ಗೆ ಸೇರಿಸಬೇಕು, ಎರಡೂ ತುದಿ ಸೇರಿಸಿದರೆ ಅದರಲ್ಲೇ ಕರೆಂಟು ಓಡಾಡುತ್ತದೆ. ಮೀಟರಿನ ಹಿಂದೆ ಸಿಗ್ನಲ್‌ಗೂ 12 ವೋಲ್ಟಿಗೂ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಚಾರ್ಜ್ ಆಗುವಾಗಿನ 14.4 ವೋಲ್ಟಿಗೆ ಅದು 14 ಮಿಲಿ ಆಂಪಿಯರ್ ಚಿಲ್ಲರೆ. ನನ್ನ ಸೆಂಡರ್ 20 ತಡೆಯುತ್ತದೆ. ನಿಮ್ಮದರ ಕಾಗದ ನೋಡಿಕೊಂಡು ಹಾಕಿ. ಕಿಡಿಯ ಗಲಾಟೆ ನುಂಗಲು ಸಿಗ್ನಲ್‌ನಿಂದ ಅರ್ಥಿಂಗ್‌ಗೆ 100 ನ್ಯಾನೋ ಫ್ಯಾರಡ್ ಕೆಪಾಸಿಟರ್. ಗಂಟೆಗೆ 100 ಮೈಲಿ ಹೋದರೂ ಸೆಂಡರ್ ಕೊಡುವುದು 290 ಹರ್ಟ್ಸ್ ಒಳಗೆ, ಹಾಗಾಗಿ ನಿಜವಾದ ಪಲ್ಸಿಗೆ ಈ ಕೆಪಾಸಿಟರ್ ಅಡ್ಡ ಬರುವುದಿಲ್ಲ. ಪ್ಲಗ್ ವೈರುಗಳು ಬರೀ ತಾಮ್ರದವು ಇದ್ದವು, ರೆಸಿಸ್ಟೆನ್ಸ್ ಇಲ್ಲದವು. ಅವನ್ನೂ ಬದಲಾಯಿಸಿದೆ. ಪಕ್ಕದ ಮನೆಯವರ ರೇಡಿಯೋಗೂ ಒಳ್ಳೆಯದು.

ಈಗ ಇಂಜಿನ್ ಎಷ್ಟು ರೇಸ್ ಮಾಡಿದರೂ, ಕಾರನ್ನು ಎಷ್ಟು ಬೆರಳು ತಳ್ಳಿದರೂ, ಮುಳ್ಳು ಸೊನ್ನೆ.

ಓಡಿಸುವಾಗ ಇನ್ನೊಂದು ಕಾಣಿಸಿತು. ಓವರ್‌ಡ್ರೈವ್ ಸ್ವಿಚ್ ಆಫ್ ಮಾಡಿದ ಕ್ಷಣ ಮುಳ್ಳು ಒಮ್ಮೆ ಬೆಚ್ಚಿಬೀಳುತ್ತದೆ. ಓವರ್‌ಡ್ರೈವ್ ಹಿಡಿಸುವುದು ಒಂದು ಸೊಲೆನಾಯ್ಡ್, ಅಂದರೆ ದೊಡ್ಡ ಸುರುಳಿ. ಅದರ ಕರೆಂಟನ್ನು ತಟ್ಟನೆ ಕಡಿದರೆ ನೂರಾರು ವೋಲ್ಟಿನ ಒದೆತ ಬರುತ್ತದೆ. ಸೊಲೆನಾಯ್ಡ್‌ಗೆ ಅಡ್ಡವಾಗಿ ಒಂದು ಒನ್-ಎನ್-4007 ಡಯೋಡ್ ಹಾಕಿದೆ, ಬಿಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ. ಮುಗಿಯಿತು. ಸ್ವಿಚ್ಚಿನ ಆಯಸ್ಸೂ ಇದರಿಂದ ಜಾಸ್ತಿ ಆಗುತ್ತದೆ.

ಉಳಿದದ್ದು ಸೆಟ್ಟಿಂಗ್. 1280 ಇಂಟು 8 ಅಂತ 10,240 ಹಾಕಿ ಮುಗಿಸಬಹುದಿತ್ತು. ಆದರೆ ಆ 1280 ಮೂಲ ಟೈರಿನ ಲೆಕ್ಕ. ಸ್ಮಿತ್ಸ್ ಮೀಟರು ರಿಪೇರಿ ಮಾಡುವವರ ಹಳೆಯ ಉಪಾಯ ಒಂದಿದೆ. ಒಂದು ಮೈಲಿಯ ನೂರನೇ ಒಂದು ಭಾಗ 16.09 ಮೀಟರ್. ಕಾರನ್ನು ನೆಟ್ಟಗೆ ಅಷ್ಟು ದೂರ ತಳ್ಳಿ, ಕೇಬಲ್ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ, ನೂರರಿಂದ ಗುಣಿಸಬೇಕು. ನನಗೆ ಕೇಬಲ್ ಬದಲು ಪಲ್ಸ್ ಇದೆ. ಸಿಗ್ನಲ್‌ಗೂ 12 ವೋಲ್ಟಿಗೂ ನಡುವೆ 1 ಕಿಲೋ ಓಮ್ ಜೊತೆಗೆ ಒಂದು ಎಲ್‌ಇಡಿ ಕಟ್ಟಿ, ಅದು ಮಿನುಗುವುದನ್ನು ಎಣಿಸಿದರೆ ಆಯಿತು. ಟೇಪ್ ಹಿಡಿದು ಸೀಮೆಸುಣ್ಣದಲ್ಲಿ ಗೆರೆ ಹಾಕಿ ತಳ್ಳಿದೆವು. 104 ಮಿನುಗು. ಅಂದರೆ ಮೈಲಿಗೆ 10,400.

ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ ಎಣಿಸುವವರೂ ಇದ್ದಾರೆ. ಒಂದೇ ಹಿಂಚಕ್ರ ಎತ್ತಿ, ಇನ್ನೊಂದು ನೆಲದಲ್ಲೇ ಇದ್ದರೆ ಡಿಫರೆನ್ಷಿಯಲ್ ಕಾರಣಕ್ಕೆ ಶಾಫ್ಟ್ ಅರ್ಧವೇ ತಿರುಗುತ್ತದೆ. ಎರಡರಿಂದ ಗುಣಿಸಬೇಕು. ಅದೂ ಅಲ್ಲದೆ, ಗಾಳಿಯಲ್ಲಿರುವ ಟೈರು ಭಾರ ಹೊತ್ತ ಟೈರಿನಷ್ಟು ಚಪ್ಪಟೆ ಆಗಿರುವುದಿಲ್ಲ. ತಳ್ಳುವುದೇ ವಾಸಿ.

ಟೈರಿನ ಪ್ರಭಾವ ಎಷ್ಟು ಅಂತ ಕೇಳಿದರೆ, ಅಳತೆಯ ಮೇಲೆ. 14 ಇಂಚಿನ ಚಕ್ರಕ್ಕೆ 165/80 ಹಾಕಿದರೆ ವ್ಯಾಸ ಸುಮಾರು 620 ಮಿಲಿಮೀಟರ್. 185/70 ಹಾಕಿದರೆ 615, ವ್ಯತ್ಯಾಸ ಒಂದು ಪರ್ಸೆಂಟಿಗೂ ಕಡಿಮೆ. 185/65 ಹಾಕಿದರೆ 596, ಆಗ ಮೀಟರು ನಾಲ್ಕು ಪರ್ಸೆಂಟ್ ಹತ್ತಿರ ಜಾಸ್ತಿ ಹೇಳುತ್ತದೆ. ನನ್ನದು 185/70.

ನೂರನಾಲ್ಕರಲ್ಲಿ ಒಂದು ಮಿನುಗು ತಪ್ಪಿದರೂ ಒಂದು ಪರ್ಸೆಂಟ್ ಹೋಯಿತು. ಹಾಗಾಗಿ ಎಂ40 ಮೋಟರ್‌ವೇಗೆ ಹೋಗಿ ಪರೀಕ್ಷೆ. ಇಂಗ್ಲೆಂಡಿನ ಮೋಟರ್‌ವೇ ಅಂಚಿನಲ್ಲಿ ಪ್ರತಿ 100 ಮೀಟರಿಗೆ ನಂಬರ್ ಬರೆದ ಒಂದು ಪುಟ್ಟ ಕಂಬ ಇರುತ್ತದೆ. ಗಾಡಿ ಕೆಟ್ಟು ನಿಂತಾಗ ಎಲ್ಲಿದ್ದೇವೆ ಅಂತ ಹೇಳೋಕೆ. 16.1 ಕಿಲೋಮೀಟರ್ ಅಂದರೆ ಹತ್ತು ಮೈಲಿ. ಮಗಳು ಪಕ್ಕದಲ್ಲಿ ಕೂತು ಕಂಬದ ನಂಬರ್ ಓದಿದಳು. ‘ಅಪ್ಪಾ, ಬೋರ್ಡೆಲ್ಲ ಮೈಲಿಯಲ್ಲಿ, ಕಂಬ ಮಾತ್ರ ಕಿಲೋಮೀಟರಲ್ಲಿ, ಯಾಕೆ?’ ಅಂದಳು. ಈ ದೇಶದಲ್ಲಿ ಅದನ್ನು ಕೇಳಬಾರದು ಕಣಮ್ಮಾ ಅಂದೆ. ಹತ್ತು ಮೈಲಿಗೆ ಮೀಟರು ಹತ್ತೇ ತೋರಿಸಿತು.

ಆಮೇಲೆ ನಾನು 10,400ನ್ನು 10,300ಕ್ಕೆ ಇಳಿಸಿದೆ. ಅಂಕಿ ಕಡಿಮೆ ಮಾಡಿದರೆ ಮುಳ್ಳು ಒಂದು ಪರ್ಸೆಂಟ್ ಜಾಸ್ತಿ ಹೇಳುತ್ತದೆ. ಈಗಿನ ಕಾರುಗಳಿಗಿರುವ ವಿಶ್ವಸಂಸ್ಥೆಯ 39ನೇ ನಿಯಮವೂ ಇದೇ ದಾರಿಯದು. ಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು, ಜಾಸ್ತಿ ತೋರಿಸಬಹುದು, ಅದೂ ಹತ್ತನೇ ಒಂದು ಭಾಗ ಮತ್ತು ಗಂಟೆಗೆ 4 ಕಿಲೋಮೀಟರ್ ಒಳಗೆ. ಓಡಿದ ಮೈಲಿಯ ಲೆಕ್ಕವೂ ಇದರಿಂದ ಒಂದು ಪರ್ಸೆಂಟ್ ಜಾಸ್ತಿ ಬೀಳುತ್ತದೆ, ಎರಡಕ್ಕೂ ಅಂಕಿ ಒಂದೇ ಆದ್ದರಿಂದ. ಫೈನ್ ಕಟ್ಟುವುದಕ್ಕಿಂತ ಅದು ವಾಸಿ ಅಲ್ವಾ?

ಮೈಸೂರಿನ ಗೆಳೆಯರೊಬ್ಬರು ತಮ್ಮ ಮೋರಿಸ್ ಮೈನರ್‌ಗೂ ಇಂಥ ಸೆಂಡರ್ ಹಾಕಬಹುದಾ ಅಂತ ಕೇಳಿದ್ದಾರೆ. ಹಾಕುವ ಮೊದಲು ಬ್ಯಾಟರಿ ನೋಡಿ. ಆ ಕಾರುಗಳಲ್ಲಿ ಬಾಡಿಗೆ ಸೇರಿರುವುದು ಪ್ಲಸ್. 1967ರ ಕೊನೆಯವರೆಗಿನ ಎಂಜಿಬಿಗಳಲ್ಲೂ ಹಾಗೇ. ಅದಕ್ಕೆ ಈ ಸೆಂಡರನ್ನು ಇಲ್ಲಿ ಬರೆದಂತೆ ಕಟ್ಟಿದರೆ ಕೀ ತಿರುಗಿಸಿದ ಕೂಡಲೇ ಚಿಪ್ ಹೋಗುತ್ತದೆ. ಯಾರಾದರೂ ಮೊದಲೇ ಮೈನಸ್‌ಗೆ ಬದಲಾಯಿಸಿದ್ದರೆ ಮಾತ್ರ ಮುಂದುವರಿಯಿರಿ.

ಒಂದು ಕೆಲಸ ಬಾಕಿ ಇದೆ. ಸೆಂಡರ್ ಬಿಚ್ಚಿದಾಗ ಅದರ ಚೌಕ ತುದಿಯ ಸುತ್ತ ಎಣ್ಣೆ ಇತ್ತು. ಈ ಗೇರ್‌ಬಾಕ್ಸಿಗೆ ಹಾಕುವುದು 20-50 ಇಂಜಿನ್ ಆಯಿಲ್ಲೇ, ತೆಳುವಾದದ್ದು, ಡ್ರೈವಿನ ಸೀಲ್ ಸವೆದರೆ ಹೊರಗೆ ಬರುತ್ತದೆ. ಕೇಬಲ್ ಇದ್ದಾಗ ಅದು ಕೇಬಲ್ ಹತ್ತಿಕೊಂಡು ಮೀಟರಿನವರೆಗೂ ಹೋಗುತ್ತಿತ್ತು, ಈಗ ಸೆಂಡರಿನಲ್ಲಿ ನಿಲ್ಲುತ್ತಿದೆ. ಒರೆಸಿ ಹಾಕಿದ್ದೇನೆ. ಸೀಲ್ ಮತ್ತು ಓ-ರಿಂಗ್ ತರಿಸಿದ್ದೇನೆ, ಮುಂದಿನ ಸಲ ಎಣ್ಣೆ ಬದಲಾಯಿಸುವಾಗ ಹಾಕುತ್ತೇನೆ.